ಮೇಲಿನವರು ಬಳಸಿ ಉಳಿದ ಇಂಟರ್ನೆಟ್

"ಮಿಸ್, ನಿಮ್ ಬಾಯಿ ತಗ್ದಂಗೇ ನಿಂತೋಗದೆ."

ನಂಜನಗೂಡಿನ ಸೈಬರ್ ಸೆಂಟರಿನಿಂದ ಮಾದೇವಿ ಹೇಳಿದ ಈ ಮಾತು ಅಮೆರಿಕದ ಆಶ್‌ಬರ್ನಿನ ಬೇಸ್‌ಮೆಂಟಿಗೆ ಬಂದು ಮುಟ್ಟುವ ಹೊತ್ತಿಗೆ ಶಿವಕ್ಕ ಒಂದು ಇಡೀ ಲೆಕ್ಕ ಬಿಡಿಸಿ ಮುಗಿಸಿದ್ದಳು. ಆ ಲೆಕ್ಕವನ್ನು ಯಾರೂ ನೋಡಿರಲಿಲ್ಲ. ಅಲ್ಲಿ ಪರದೆಯ ಮೇಲೆ ಅವಳು ಬಾಯಿ ತೆರೆದುಕೊಂಡು, ಒಂದು ಕಣ್ಣು ಅರ್ಧ ಮುಚ್ಚಿಕೊಂಡು, ಈಗಲೋ ಆಗಲೋ ಸೀನುವವಳ ಹಾಗೆ ಅಲ್ಲಾಡದೆ ನಿಂತಿದ್ದಳು. ಹುಡುಗಿಯರು ನಕ್ಕರು. ಆ ನಗು ಮಾತ್ರ ಎಲ್ಲೂ ತಡೆಯದೆ ಬಂತು.

"ನಗಬೇಡ್ರೇ. ಪೆನ್ ಹಿಡ್ಕೊಳ್ಳಿ. ಇನ್ನೊಂದ್ ಸಲ ಮಾಡ್ತೀನಿ."

ಇನ್ನೊಂದು ಸಲ ಮಾಡಿದಳು. ಈ ಸಲ ಚಿತ್ರ ಬಂತು, ದನಿ ಹೋಯಿತು.

ಶಿವಕ್ಕ ಕೂತಿದ್ದದ್ದು ಬೇಸ್‌ಮೆಂಟಿನಿಂದ ಮೇಲಿನ ಮನೆಗೆ ಹತ್ತುವ ಮೆಟ್ಟಿಲುಗಳ ತುದಿಯಲ್ಲಿ. ಅವಳ ಬೆನ್ನಿಗೆ ಒಂದು ಬಾಗಿಲು. ಆ ಬಾಗಿಲಿಗೆ ಆಚೆಯಿಂದ ಚಿಲಕ. ಇಡೀ ಬೇಸ್‌ಮೆಂಟಿನಲ್ಲಿ ಇಂಟರ್ನೆಟ್ ಸಿಗುತ್ತಿದ್ದದ್ದು ಆ ಒಂದೇ ಜಾಗದಲ್ಲಿ. ಮಂಚದ ಮೇಲೆ ಸಿಗುತ್ತಿರಲಿಲ್ಲ, ಒಲೆಯ ಪಕ್ಕ ಸಿಗುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಮೇಲಿನವರ ಸಾರಿನ ಒಗ್ಗರಣೆಯ ವಾಸನೆ ಎಷ್ಟು ಬರುತ್ತಿತ್ತೋ ಅಷ್ಟೇ ಇಂಟರ್ನೆಟ್ಟೂ ಬರುತ್ತಿತ್ತು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಸ್ಲೇಟನ್ನು ಕತ್ತಿನ ಮಟ್ಟಕ್ಕೆ ಎತ್ತಿ ಹಿಡಿದು ಅವಳು ಪಾಠ ಮಾಡಬೇಕು. ಮುಗಿಯುವ ಹೊತ್ತಿಗೆ ಕಾಲು ಜೋಮು, ಸೊಂಟ ಮರದ ಕೊರಡು.

ಅವಳು ನಂಜನಗೂಡು ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಡಮ್ಮಾಗಿದ್ದವಳು. ಗಂಡ ಸಿದ್ದರಾಜುವಿಗೆ ಇಲ್ಲಿ ಕೆಲಸ ಸಿಕ್ಕಿ ಅವನ ಹಿಂದೆ ಬಂದಳು. ಅವಳಿಗೆ ಕೊಟ್ಟ ವೀಸಾ ಎಲ್ಲವನ್ನೂ ಮಾಡಲು ಬಿಡುತ್ತಿತ್ತು, ದುಡಿಯಲು ಮಾತ್ರ ಬಿಡುತ್ತಿರಲಿಲ್ಲ. ಅವಳು ಬಿಟ್ಟು ಬಂದ ಹುದ್ದೆ ಖಾಲಿಯೇ ಉಳಿಯಿತು. ಹಾಸ್ಟೆಲ್ಲಿನ ಹುಡುಗಿಯರು ಗಣಿತದ ಪಾಠವೇ ಇಲ್ಲದೆ ಎಸ್ಸೆಸ್ಸೆಲ್ಸಿಗೆ ಬಂದಿದ್ದರು. ಫೇಲಾದರೆ ಮುಂದೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಾರ್ಮೆಂಟ್ಸಿನ ಬಸ್ಸು, ಇಲ್ಲ ಮದುವೆ. ಅದಕ್ಕೇ ಶನಿವಾರದ ಪಾಠ. ಇಲ್ಲಿ ಬೆಳಿಗ್ಗೆ, ಅಲ್ಲಿ ಸಂಜೆ.

ಮೆಟ್ಟಿಲ ಮೇಲಿನ ಬಾಗಿಲನ್ನು ಯಾರೋ ಆಚೆಯಿಂದ ಬೆರಳಲ್ಲಿ ತಟ್ಟಿದರು.

"ಶಿವಾ, ಸ್ವಲ್ಪ ಮೆಲ್ಲಗೆ ಕಣಮ್ಮ. ನಿನ್ನ ಆಲ್ಜಿಬ್ರಾ ಎಲ್ಲಾ ನಮ್ಮ ಡೈನಿಂಗ್ ಟೇಬಲ್‌ಗೇ ಬರ್ತಾ ಇದೆ."

ಅದು ನಳಿನಿ ಆಂಟಿ. ಮನೆಯ ಒಡತಿ. ಅವರ ಗಂಡ ಡಾಕ್ಟರ್ ಗುರುದತ್ತ ಹೃದಯದ ಡಾಕ್ಟರು, ಊರಿಗೆಲ್ಲ ಬೇಕಾದವರು. ಇಬ್ಬರೂ ಎಪ್ಪತ್ತೆರಡನೇ ಇಸವಿಯಲ್ಲೇ ಅಮೆರಿಕಕ್ಕೆ ಬಂದವರು. ತಮಗಿಂತ ಕಿರಿಯಳನ್ನು ಅಕ್ಕ ಎನ್ನುವುದು ಹೇಗೆ ಎಂದು ನಳಿನಿ ಆಂಟಿ ಮೊದಲ ದಿನವೇ ಅವಳ ಹೆಸರಿನ ಬಾಲ ಕತ್ತರಿಸಿದ್ದರು. ಅಂದಿನಿಂದ ಅವಳು ಶಿವಾ.

ಆ ಚಿಲಕ ಮೊದಲು ಇರಲಿಲ್ಲ. ಬಾಡಿಗೆಗೆ ಬಂದ ಹೊಸತರಲ್ಲಿ ಬಾಗಿಲು ತೆರೆದೇ ಇರುತ್ತಿತ್ತು. ಶಿವಕ್ಕ ಮೇಲೆ ಹೋಗಿ ಚಪಾತಿ ಲಟ್ಟಿಸಿಕೊಟ್ಟಳು. ದೀಪಾವಳಿಗೆ ಒಬ್ಬಟ್ಟು ತಟ್ಟಿದಳು. ತಟ್ಟಿ ತಟ್ಟಿ ಬೆರಳ ತುದಿ ಸುಟ್ಟು ಚರ್ಮ ಸುಲಿಯಿತು. ಬಂದವರೆಲ್ಲ ಚಪ್ಪರಿಸಿ ತಿಂದರು. "ನಮ್ಮನೆ ಮಗಳ ಥರ" ಎಂದು ನಳಿನಿ ಆಂಟಿ ಅವರಿಗೆಲ್ಲ ಹೇಳಿದರು. ಆಮೇಲೆ ಒಂದು ಮಧ್ಯಾಹ್ನ ಕಾಫಿ ಕುಡಿಯುತ್ತಾ ಕೇಳಿದರು.

"ನಂಜನಗೂಡಲ್ಲಿ ಯಾವ ಕಡೆ ನಿಮ್ಮದು?"

"ಹತ್ತಿರದ ಹಳ್ಳಿ ಆಂಟಿ."

"ಮನೆದೇವರು?"

"ಮಂಟೇಸ್ವಾಮಿ."

"ಓ. ಹಾಗಂದ್ರೆ ನಿಮ್ಮಲ್ಲಿ ಮದುವೆ ಎಲ್ಲ ಯಾರು ಮಾಡಿಸ್ತಾರೆ?"

ಶಿವಕ್ಕನಿಗೆ ನಗು ಬಂತು. ಇಷ್ಟು ದೊಡ್ಡ ದೇಶದಲ್ಲಿ, ಇಷ್ಟು ವರ್ಷವಾದ ಮೇಲೆ, ಈ ಯಮ್ಮ ಇಷ್ಟು ಸುತ್ತು ಹಾಕಿ ಬರುತ್ತಿದೆಯಲ್ಲ ಎಂದು ಮರುಕವೂ ಆಯಿತು.

"ನೀವು ಸುತ್ತಿ ಬಳಸಿ ಕೇಳೋದು ಬೇಡ ಆಂಟಿ. ನಾವು ಎಸ್ಸಿ."

"ಅಯ್ಯೋ, ನಾನು ಅದಕ್ಕೆ ಕೇಳಿದ್ದಲ್ಲಮ್ಮ. ನಮಗೆ ಅದೆಲ್ಲ ಇಲ್ಲವೇ ಇಲ್ಲ."

ಮುಂದಿನ ವಾರ ಬಾಗಿಲಿಗೆ ಚಿಲಕ ಬಂತು. "ಹೀಟ್ ಎಲ್ಲಾ ಕೆಳಗೆ ಹೋಗ್ಬಿಡತ್ತೆ ಶಿವಾ, ಬಿಲ್ ಜಾಸ್ತಿ ಬರ್ತಿದೆ" ಎಂದರು ಆಂಟಿ. ಬಿಸಿ ಗಾಳಿ ಮೇಲಕ್ಕೆ ಏರುತ್ತದೆಯೇ ಹೊರತು ಕೆಳಕ್ಕೆ ಇಳಿಯುವುದಿಲ್ಲ. ವಿಜ್ಞಾನದ ಮೇಷ್ಟ್ರು ರಜಾ ಹಾಕಿದಾಗಲೆಲ್ಲ ಶಿವಕ್ಕನೇ ಇದನ್ನು ಪಾಠ ಮಾಡಿದ್ದಳು. ಹೇಳಲು ಹೋಗಲಿಲ್ಲ.

ಒಬ್ಬಟ್ಟಿಗೆ ಕರೆಯುವುದು ನಿಂತಿತು. ಕೆಲಸಕ್ಕೆ ಕರೆಯುವುದು ನಿಲ್ಲಲಿಲ್ಲ. ಹಿತ್ತಲಿನ ಮರದ ಡೆಕ್ ತೊಳೆಯಲು, ಗ್ಯಾರೇಜ್ ಗುಡಿಸಲು, ಎಲೆ ಬಾಚಿ ಮೂಟೆ ಕಟ್ಟಲು ಫೋನ್ ಬರುತ್ತಿತ್ತು. ಹಿಮ ಬಿದ್ದರೆ ಸಿದ್ದರಾಜು ಸಲಿಕೆ ಹಿಡಿದು ಅವರ ಕಾರು ನಿಲ್ಲುವ ಡ್ರೈವ್‌ವೇಯನ್ನು ಮೊದಲು ಚೊಕ್ಕ ಮಾಡಿ, ಆಮೇಲೆ ಹಿಂದಿನ ಗೇಟಿನಿಂದ ತಮ್ಮ ಬಾಗಿಲಿಗೆ ದಾರಿ ಮಾಡಿಕೊಳ್ಳಬೇಕು. ಅವನ ಕೈ ಮುಟ್ಟಿದ ಹಿಮಕ್ಕೆ ಮೈಲಿಗೆ ಇರಲಿಲ್ಲ.

ಸಿದ್ದರಾಜುವಿನ ಕೆಲಸ ಅಲ್ಲೇ ಆಶ್‌ಬರ್ನಿನ ಒಂದು ಡೇಟಾ ಸೆಂಟರಿನಲ್ಲಿ. ಸಾವಿರಾರು ಕಂಪ್ಯೂಟರ್ ತುಂಬಿದ, ಕಿಟಕಿಯೇ ಇಲ್ಲದ ಕಟ್ಟಡ. ಅದರ ಎತ್ತರಿಸಿದ ನೆಲದ ಅಡಿಯಲ್ಲಿ ಹೊಟ್ಟೆಯ ಮೇಲೆ ತೆವಳಿ ಅವನು ಕೇಬಲ್ ಎಳೆಯುತ್ತಾನೆ. ಮೊಣಕಾಲಿನ ಚಿಪ್ಪು ಕಪ್ಪಗಾಗಿದೆ. ಜಗತ್ತಿನ ಅರ್ಧ ಇಂಟರ್ನೆಟ್ ತಮ್ಮ ಕಟ್ಟಡದೊಳಗೇ ಹಾದು ಹೋಗುತ್ತದೆ ಎಂದು ಅವನ ಸೂಪರ್‌ವೈಸರ್ ಜಂಬ ಕೊಚ್ಚುತ್ತಿದ್ದನಂತೆ.

"ಹಂಗಾರೆ ಬರುವಾಗ ನನಗೊಂದು ಹಿಡಿ ತಕಬಾ" ಎಂದಳು ಶಿವಕ್ಕ.

"ನಗಬೇಡ. ಕೆಳಗೆ ಇಂಟರ್ನೆಟ್ ಬರಲ್ಲ ಅಂತ ಡಾಕ್ಟ್ರನ್ನ ಕೇಳ್ದೆ."

"ಏನಂದ್ರು?"

ಡಾಕ್ಟರು ಗ್ಯಾರೇಜಿನಲ್ಲಿ ನಿಂತೇ ವಿವರಿಸಿದ್ದರು. ಇಂಟರ್ನೆಟ್ ಅಂದರೆ ನೀರಿನ ಪೈಪ್ ಇದ್ದ ಹಾಗೆ ಸಿದ್ದೂ. ಮೇಲೆ ನಾವು ಬಳಸಿ ಉಳಿದಿದ್ದು ಕೆಳಗೆ ಬರುತ್ತೆ. ಈಚೆಗೆ ನಮಗೂ ಸ್ಲೋ ಆಗಿದೆ. ನಿನ್ನ ಹೆಂಡತಿ ಶನಿವಾರ ಶನಿವಾರ ವಿಡಿಯೋ ಹಾಕ್ಕೊಂಡು ಕೂತರೆ ಮತ್ತೇನಾಗುತ್ತೆ? ಬಾಡಿಗೆಯಲ್ಲಿ ಇಂಟರ್ನೆಟ್ ಸೇರಿದೆ ಅಂದ್ರೆ ಇಮೇಲ್ ನೋಡೋಕೆ, ಸ್ಕೂಲ್ ನಡೆಸೋಕಲ್ಲ.

"ನಾವೇ ಬೇರೆ ಕನೆಕ್ಷನ್ ಹಾಕ್ಕೋತೀವಿ ಅನ್ನಬೇಕಿತ್ತು."

"ಅಂದೆ. ನನ್ನ ಗೋಡೆಗೆ ಇನ್ನೊಂದು ತೂತು ಹೊಡೆಯೋಕೆ ಬಿಡಲ್ಲ ಅಂದ್ರು."

"ನೀನೇನಂದೆ?"

"ಆಯ್ತು ಅಂಕಲ್ ಅಂದೆ."

ಸಿದ್ದರಾಜುವಿನ ಬಾಯಲ್ಲಿ ಆ ಮಾತು ಉಸಿರಿನಷ್ಟು ಸಲೀಸಾಗಿ ಬರುತ್ತಿತ್ತು. ಆಯ್ತು ಅಂಕಲ್. ಆಯ್ತು ಆಂಟಿ. ಬೈದರೂ ಆಯ್ತು, ಕರೆದರೂ ಆಯ್ತು. ಶಿವಕ್ಕ ಅವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಸ್ವಲ್ಪ ಜೋರಾಗಿಯೇ ಒತ್ತಿದಳು.

ಮಾರ್ಚ್ ಬಂತು. ಪರೀಕ್ಷೆಗೆ ಮುಂಚಿನ ಕೊನೆಯ ಪಾಠ ಉಳಿದಿತ್ತು. ತ್ರಿಕೋನಮಿತಿ ಅರ್ಧಕ್ಕೆ ನಿಂತಿತ್ತು. ಆ ವಾರ ನಳಿನಿ ಆಂಟಿಯ ಫೋನ್ ಬಂತು.

"ಶನಿವಾರ ಸತ್ಯನಾರಾಯಣ ಪೂಜೆ ಶಿವಾ. ಬೆಂಗಳೂರಲ್ಲಿ ನಮ್ಮವರೆಲ್ಲ ವೆಬ್‌ಕ್ಯಾಮಲ್ಲಿ ನೋಡ್ತಾರೆ. ನೀನು ಅವತ್ತು ಇಂಟರ್ನೆಟ್ ಮುಟ್ಟಬೇಡ. ಮತ್ತೆ ಸ್ನೋ ಅಂತೆ, ಸಿದ್ದೂಗೆ ಹೇಳು, ಗೆಸ್ಟ್ಸ್ ಬರೋಷ್ಟರಲ್ಲಿ ಡ್ರೈವ್‌ವೇ ಕ್ಲೀನ್ ಮಾಡ್ಬಿಡ್ಲಿ. ಸಂಜೆ ಪ್ರಸಾದ ಕಳಿಸ್ತೀನಿ, ಬಾಗಿಲ ಹತ್ರ ಇಟ್ಟಿರ್ತೀನಿ."

ಫೋನ್ ಇಟ್ಟು ಶಿವಕ್ಕ ಶನಿವಾರದ ಲೆಕ್ಕಗಳನ್ನು ಬರೆದಿಟ್ಟುಕೊಳ್ಳಲು ಕೂತಳು.

ಅವಳು ಮುಟ್ಟುವುದಕ್ಕೆ ಮೊದಲೇ ಇಂಟರ್ನೆಟ್ ಸತ್ತಿತು. ಶುಕ್ರವಾರ ಇಡೀ ಮನೆಯಲ್ಲಿ ಇಲ್ಲ. ಮೇಲೆ ದಡಬಡ ಓಡಾಟ. ಡಾಕ್ಟರು ಮೋಡೆಮನ್ನು ಆರಿಸಿ ಹಚ್ಚಿ, ಆರಿಸಿ ಹಚ್ಚಿ, ಕೊನೆಗೆ ಕೇಬಲ್ ಕಂಪನಿಗೆ ಫೋನಿನಲ್ಲಿ ಕೂಗಾಡಿದ್ದು ಕೆಳಗೂ ಕೇಳಿತು. ಶನಿವಾರ ಬೆಳಿಗ್ಗೆ ಎಂಟರ ಮೇಲೆ ಆಳು ಬರುತ್ತಾನೆ ಎಂದಾಯಿತು.

ಶನಿವಾರ ಸಿದ್ದರಾಜು ಹಿಮ ತೆಗೆದು ಕೆಲಸಕ್ಕೆ ಹೋದ. ಶಿವಕ್ಕ ಸ್ಲೇಟು ತೊಳೆದು, ಕಾಫಿ ಹಾಕಿಕೊಂಡು, ಮೆಟ್ಟಿಲ ತುದಿಯಲ್ಲಿ ಕೂತಳು. ಸಿಗ್ನಲ್ ಇಲ್ಲ. ಒಂಬತ್ತಕ್ಕೆ ಹುಡುಗಿಯರು ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ. ಹಾಸ್ಟೆಲ್ಲಿನ ವಾರ್ಡನ್ ರಾತ್ರಿ ಊಟದ ಹೊತ್ತಿಗೆ ವಾಪಸ್ ಬರಬೇಕು ಎಂದು ಹೇಳಿ ಕಳಿಸಿರುತ್ತಾಳೆ.

ಬೆನ್ನ ಹಿಂದೆ ಚಿಲಕ ಸರಿಯಿತು. ತಿಂಗಳುಗಳ ಮೇಲೆ ಬಾಗಿಲು ತೆರೆಯಿತು.

ಡಾಕ್ಟರ್ ಗುರುದತ್ತ ನಿಂತಿದ್ದರು. ಸ್ನಾನ ಆಗಿತ್ತು. ಉಟ್ಟಿದ್ದು ರೇಷ್ಮೆ ಮಗುಟ, ಹೊದ್ದದ್ದು ಶಲ್ಯ, ಹಣೆಯ ಮೇಲೆ ಇನ್ನೂ ಒದ್ದೆ ಗಂಧ. ಪಕ್ಕದಲ್ಲಿ ಸೊಂಟದ ತುಂಬ ಹತ್ಯಾರ ಕಟ್ಟಿಕೊಂಡ ಒಬ್ಬ ಎತ್ತರದ ಕರಿಯ ಮನುಷ್ಯ. ಅಂಗಿಯ ಮೇಲೆ ಹೆಸರಿತ್ತು: ತಡೆಸ್ಸೆ. ಇಥಿಯೋಪಿಯಾದವನು ಎಂದು ಆಮೇಲೆ ಗೊತ್ತಾಯಿತು.

"ಸ್ವಲ್ಪ ಸರಿಯಮ್ಮ. ಕೇಬಲ್ ಮನೆಯೊಳಗೆ ಬರೋದು ನಿಮ್ಮ ಫರ್ನೇಸ್ ರೂಮಿಂದ ಅಂತೆ. ಇವನು ನೋಡಬೇಕು."

ಶಿವಕ್ಕ ಎದ್ದಳು. ಸರಿಯಲಿಲ್ಲ. ಏಕೆ ಸರಿಯಲಿಲ್ಲ ಎಂದು ಅವಳಿಗೇ ಮೊದಲು ತಿಳಿಯಲಿಲ್ಲ. ಕಾಲು ಜೋಮು ಹಿಡಿದಿದೆ ಅಂದುಕೊಂಡಳು. ಕಾಲು ಸರಿಯಾಗಿಯೇ ಇತ್ತು.

"ಈ ಕಡೆಯಿಂದ ಬರೋ ಹಂಗಿಲ್ಲ ಅಂಕಲ್."

"ಏನು?"

"ಇದು ಮುಚ್ಚಿದ ಬಾಗಿಲು. ನೀವೇ ಮುಚ್ಚಿದ್ದು. ನಮ್ಮನೆ ಬಾಗಿಲು ಹಿಂದುಗಡೆ ಇದೆ. ನಾವು ದಿನಾ ಬರೋ ದಾರಿ. ಅಲ್ಲಿಂದ ಬನ್ನಿ."

"ಶಿವಾ, ಜೋಕ್ ಮಾಡೋ ಟೈಮಲ್ಲ ಇದು. ಪುರೋಹಿತರು ಬಂದಾಗಿದೆ."

"ನನ್ನ ಹೆಸರು ಶಿವಕ್ಕ."

ಅವಳ ದನಿ ಏರಲಿಲ್ಲ. ಕೈಯಲ್ಲಿದ್ದ ಸ್ಲೇಟನ್ನು ಎದೆಗೆ ಒತ್ತಿ ಹಿಡಿದಳು. ಒಳಗೊಳಗೇ ಗಡಿಯಾರ ಓಡುತ್ತಿತ್ತು. ತಡವಾದರೆ ಹೋಗುವುದು ಅವರ ಪೂಜೆ ಒಂದೇ ಅಲ್ಲ, ತನ್ನ ಪಾಠವೂ. ಮಾದೇವಿಗೆ ಸೈನ್ ಯಾವುದು ಕೊಸೈನ್ ಯಾವುದು ಇನ್ನೂ ಗೊತ್ತಿಲ್ಲ. ಸರಿದು ಬಿಡಲೇ? ಒಂದು ಹೆಜ್ಜೆ ಅಷ್ಟೆ. ಆಯ್ತು ಅಂಕಲ್ ಎಂದರೆ ಮುಗಿಯಿತು.

ಅವಳು ಬಾಗಿಲನ್ನು ತನ್ನ ಕಡೆಯಿಂದ ಮೆಲ್ಲಗೆ ಎಳೆದು ಮುಚ್ಚಿದಳು.

ಆಚೆ ಕಡೆ ನಳಿನಿ ಆಂಟಿಯ ದನಿ, ಡಾಕ್ಟರ ದನಿ, ಪುರೋಹಿತರದ್ದೂ ಒಂದಿಷ್ಟು. ಆಮೇಲೆ ಮುಂಬಾಗಿಲು ತೆರೆದು ಮುಚ್ಚಿದ ಸದ್ದು.

ಶಿವಕ್ಕ ಹಿಂದಿನ ಗಾಜಿನ ಬಾಗಿಲಿಗೆ ಬಂದು ನೋಡಿದಳು. ಡಾಕ್ಟರು ಮನೆಯನ್ನು ಸುತ್ತಿಕೊಂಡು ಬರುತ್ತಿದ್ದರು. ಮಡಿಯ ಮೇಲೆ ದಪ್ಪನೆಯ ನೀಲಿ ಜಾಕೆಟ್. ಕಾಲಿಗೆ ಹೆಂಡತಿಯ ತೋಟದ ಬೂಟು. ಎಡಗೈಯಲ್ಲಿ ಮಗುಟದ ನೆರಿಗೆ ಎತ್ತಿ ಹಿಡಿದು, ಬಲಗೈಯಲ್ಲಿ ಬೇಲಿ ಹಿಡಿದು, ಸಿದ್ದರಾಜು ಒಬ್ಬನೇ ನಡೆಯುವಷ್ಟು ಅಗಲಕ್ಕೆ ತೆಗೆದಿದ್ದ ದಾರಿಯಲ್ಲಿ ಜಾರುತ್ತಾ ಬಂದರು. ಹಿಂದೆ ತಡೆಸ್ಸೆ. ಅವನು ಮೋಡ ನೋಡುತ್ತಾ ತುಟಿ ಕಚ್ಚಿಕೊಂಡಿದ್ದ. ಶಿವಕ್ಕನೂ ಒಳಕೆನ್ನೆ ಕಚ್ಚಿಕೊಂಡಳು.

ಬಾಗಿಲು ತೆರೆದಳು.

"ಬನ್ನಿ. ಒಳಗೆ ಬನ್ನಿ ಅಂಕಲ್. ಕಾಫಿ ಇದೆ."

ತಡೆಸ್ಸೆ ಬೂಟು ಒರೆಸಿ ಒಳಗೆ ಬಂದ. ಡಾಕ್ಟರು ಹೊಸಿಲಲ್ಲೇ ನಿಂತರು.

"ನಾನು ಮಡಿಯಲ್ಲಿದೀನಿ."

"ಸರಿ ಹಾಗಿದ್ರೆ, ಅಲ್ಲೇ ನಿಂತ್ಕೊಳ್ಳಿ."

ತಡೆಸ್ಸೆ ಮನೆ ಬಿಸಿ ಮಾಡುವ ಯಂತ್ರವಿದ್ದ ಫರ್ನೇಸ್ ರೂಮಿನಲ್ಲಿ ಟಾರ್ಚ್ ಬಿಟ್ಟು ನೋಡಿದ. ನೀರು ಕಾಯಿಸುವ ಹಂಡೆಯ ಹಿಂದೆ ಗೋಡೆಯಿಂದ ಕೇಬಲ್ ಒಳಗೆ ಬಂದಿತ್ತು. ಅದರ ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಲೋಹದ ಡಬ್ಬಿ. ಅದರಿಂದ ಮೇಲಿನ ಟೀವಿಗಳಿಗೆಲ್ಲ ಕವಲು. ಒಂದು ಕವಲಿಗೆ ಮತ್ತೊಂದು ಡಬ್ಬಿ, ಅದರಿಂದ ಮತ್ತೆ ಕವಲು. ಹಂಡೆಯಿಂದ ಹನಿ ಬಿದ್ದೂ ಬಿದ್ದೂ ಎರಡಕ್ಕೂ ತುಕ್ಕು.

"ಕೇಳಿ," ಅಂದ ಅವನು ಇಬ್ಬರಿಗೂ ಕೇಳುವ ಹಾಗೆ ತನ್ನ ಇಂಗ್ಲಿಷಿನಲ್ಲಿ. "ಪ್ರತಿ ಸಲ ಕವಲೊಡೆದಾಗ ಸಿಗ್ನಲ್ ಇಳಿಯುತ್ತೆ. ಮೋಡೆಮ್‌ಗೆ ಹೋಗಿರೋದು ಎಲ್ಲಕ್ಕಿಂತ ಕೊನೇದು, ಎರಡನೇ ಮಹಡಿಗೆ. ತುಕ್ಕು ಬೇರೆ. ಸ್ಲೋ ಆಗದೆ ಇನ್ನೇನು?"

"ಇವರ ವಿಡಿಯೋದಿಂದಲ್ಲವೇ?" ಅಂದರು ಡಾಕ್ಟರು ಹೊಸಿಲಿನಿಂದ.

"ಒಂದು ವಿಡಿಯೋ? ಇಲ್ಲ ಸರ್. ಅದು ಏನೂ ಅಲ್ಲ."

ಶಿವಕ್ಕ ಈಗ ಕೇಳಿದಳು. "ಅವರು ಮಾತಾಡೋದು ನನಗೆ ಸರಿಯಾಗಿ ಬರುತ್ತೆ. ನಾನು ಮಾತಾಡೋದು ಅವರಿಗೆ ಹೋಗಲ್ಲ. ಯಾಕೆ?"

"ಎಲ್ಲಾ ಮನೆಯಲ್ಲೂ ಹಾಗೇ ಮೇಡಂ. ಮೇಲಿಂದ ಕೆಳಗೆ ಬರೋಕೆ ಕಂಪನಿ ಅಗಲ ದಾರಿ ಕೊಡುತ್ತೆ. ಕೆಳಗಿಂದ ಮೇಲೆ ಹೋಗೋಕೆ ಸಣ್ಣ ದಾರಿ."

"ನಮ್ಮೂರಲ್ಲೂ ಅದೇ ಕಂಪನಿನೇ ಇರೋದು" ಅಂದಳು ಶಿವಕ್ಕ. ತಡೆಸ್ಸೆ ಒಂದು ಕ್ಷಣ ಅವಳನ್ನು ನೋಡಿದ, ಹೊಸಿಲಲ್ಲಿ ನಿಂತವರನ್ನು ನೋಡಿದ, ಆಮೇಲೆ ಗಟ್ಟಿಯಾಗಿ ನಕ್ಕ.

ಡಬ್ಬಿಗಳನ್ನು ಬಿಚ್ಚಿ ಬಿಸಾಕಿ, ಹೊಸದು ಹಾಕಿ, ಮೋಡೆಮನ್ನು ಕೇಬಲ್ ಒಳಬರುವ ಕಡೆಯೇ, ಅಂದರೆ ಈ ರೂಮಿನ ಹೊರಗೋಡೆಗೇ ಕೂರಿಸುವುದು ಒಳ್ಳೆಯದು ಎಂದ. ವೈರ್‌ಲೆಸ್ಸು ಮೇಲಿನ ಹಾಲಿಗೆ ಧಾರಾಳವಾಗಿ ಮುಟ್ಟುತ್ತದೆ. ಮೇಲಿಂದ ಎರಡು ಮಹಡಿ ಇಳಿದು ಬರಬೇಕಾದ ಕಷ್ಟ ಇರುವುದಿಲ್ಲ. "ಆದರೆ ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರು ಹೂಂ ಅನ್ನಬೇಕು."

ಇಬ್ಬರೂ ಡಾಕ್ಟರತ್ತ ತಿರುಗಿದರು. ಅವರ ಬೂಟಿನೊಳಗೆ ಹಿಮ ಕರಗಿ ನೀರಾಗಿತ್ತು. ಮೂಗು ಕೆಂಪಾಗಿತ್ತು.

"ಇಲ್ಲಾ," ಅಂದರು. "ಮೇಲೇ ಹಾಕು."

"ಹಾಕ್ತೀನಿ ಸರ್. ಗೋಡೆಯೊಳಗೆ ಹೊಸ ವೈರ್ ಎಳೀಬೇಕು. ಮಧ್ಯಾಹ್ನ ಆಗುತ್ತೆ."

ಮೇಲೆ ಗಂಟೆ ಅಲ್ಲಾಡಿಸಿದ ಸದ್ದಾಯಿತು. ಪುರೋಹಿತರಿಗೆ ಇನ್ನೊಂದು ಮನೆಗೆ ಹೋಗಬೇಕಿತ್ತು. ಡಾಕ್ಟರು ಹಿಮವನ್ನು ನೋಡಿದರು, ಶಿವಕ್ಕನನ್ನು ನೋಡಿದರು. ಅವಳು ಸಹಾಯ ಮಾಡಲಿಲ್ಲ. ಹಲ್ಲು ಕಿರಿಯಲಿಲ್ಲ. ಇಷ್ಟು ದಿನ ಇಂಥ ಸಮಯದಲ್ಲಿ ದೊಡ್ಡವರ ಮುಜುಗರ ಕಳೆಯಲು ಏನಾದರೂ ಒಂದು ಮಾತು ಅವಳೇ ಹುಡುಕಿಕೊಡುತ್ತಿದ್ದಳು. ಇವತ್ತು ಹುಡುಕಲಿಲ್ಲ.

"ಸರಿ. ಹಾಕು" ಅಂದು ಅವರು ಬಂದ ದಾರಿಯಲ್ಲೇ ನೆರಿಗೆ ಎತ್ತಿಕೊಂಡು ಹೋದರು.

ತಡೆಸ್ಸೆ ಕೆಲಸ ಮುಗಿಸಿ ಎರಡು ಲೋಟ ಕಾಫಿ ಕುಡಿದ. ತಮ್ಮೂರಿನ ಕಾಫಿ ಇದಕ್ಕಿಂತ ಚೆನ್ನಾಗಿರುತ್ತದೆ ಎಂದು ಹೇಳಿಯೇ ಹೋದ. ಶಿವಕ್ಕ ಮೊದಲ ಬಾರಿಗೆ ತನ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕುರ್ಚಿ ಎಳೆದುಕೊಂಡು ಕೂತಳು. ಹುಡುಗಿಯರು ಇನ್ನೂ ಕಾದಿದ್ದರು. ಚಿತ್ರ ಅಲ್ಲಲ್ಲಿ ತಡೆಯಿತು, ನಿಲ್ಲಲಿಲ್ಲ. ಮೇಲೆ ಸತ್ಯನಾರಾಯಣನ ಕಥೆ, ಕೆಳಗೆ ಸೈನ್ ಕೊಸೈನ್. ಅವಳು ದನಿ ತಗ್ಗಿಸಲಿಲ್ಲ. ಪೂಜೆಯೂ ಬೆಂಗಳೂರಿಗೆ ಚೆನ್ನಾಗಿಯೇ ಕಂಡಿತಂತೆ.

ಸಂಜೆ ಪ್ರಸಾದ ಬರಲಿಲ್ಲ.

ಮೂರು ವಾರ ಕಳೆದ ಮೇಲೆ ಸಿದ್ದರಾಜುವಿಗೆ ಡಾಕ್ಟರು ಫೋನ್ ಮಾಡಿದರು. ಮಗ ಸಮರ್ಥ್ ವಾಪಸ್ ಬರುತ್ತಿದ್ದಾನೆ, ಬೇಸ್‌ಮೆಂಟ್ ಬೇಕು, ತಿಂಗಳ ಕೊನೆಗೆ ಖಾಲಿ ಮಾಡಿ. ಸಮರ್ಥ್ ಅಟ್ಲಾಂಟಾದಲ್ಲಿ ಆಗಷ್ಟೇ ಮನೆ ಕೊಂಡಿದ್ದನ್ನು ನಳಿನಿ ಆಂಟಿಯೇ ಎಲ್ಲರಿಗೂ ಹೇಳಿದ್ದರು.

"ನಿಂಗೆ ಬೇಕಿತ್ತಾ ಇದು?" ಅಂದ ಸಿದ್ದರಾಜು. "ಒಂದು ಹೆಜ್ಜೆ ಸರಿದಿದ್ರೆ ಆಗ್ತಿತ್ತು."

"ಎಲ್ಲಿಗೆ ಸರೀಲಿ ಹೇಳು. ಮೇಲಕ್ಕೆ ಮೆಟ್ಟಿಲು ಇರ್ಲಿಲ್ಲ, ಇನ್ನೂ ಕೆಳಕ್ಕೇ ಇಳೀಬೇಕಿತ್ತು."

ಅವನು ಎರಡು ದಿನ ಮುಖ ಗಂಟಿಕ್ಕಿಕೊಂಡೇ ಓಡಾಡಿದ. ಮೂರನೆಯ ದಿನ ಪಕ್ಕದೂರು ಸ್ಟರ್ಲಿಂಗಿನಲ್ಲಿ ಒಂದು ಅಪಾರ್ಟ್‌ಮೆಂಟ್ ನೋಡಿಕೊಂಡು ಬಂದ. ಅಕ್ಕಪಕ್ಕ ಎಲ್ಲ ಎಲ್ ಸಾಲ್ವಡಾರಿನವರು. ಮಾಂಸ ಬೇಯುವ ವಾಸನೆ ಊರಿನ ಹಾಗೇ ಇದೆ ಎಂದು ಹೇಳಿದ. ಯಾರೂ ಮನೆದೇವರು ಕೇಳಲಿಲ್ಲ, ಸಂಬಳ ಮಾತ್ರ ಕೇಳಿದರು.

ಮನೆ ಬಿಡುವ ದಿನ ಪೆಟ್ಟಿಗೆಗಳನ್ನೆಲ್ಲ ಕಾರಿಗೆ ತುಂಬುತ್ತಿದ್ದಾಗ ನಳಿನಿ ಆಂಟಿ ಹಿಂದಿನ ದಾರಿಯಿಂದ ಬಂದರು. ಬಂದವರು ಹುಲ್ಲಿನ ಮೇಲೆ ನಿಂತರು.

"ಸಿದ್ದೂ, ಹೋಗೋಕೆ ಮುಂಚೆ ಆ ಮೋಡೆಮ್ ಮೇಲಕ್ಕೆ ಹಾಕ್ಕೊಟ್ಟು ಹೋಗಪ್ಪ. ನಿನಗೆ ಈ ಕೇಬಲ್ ಎಳೆಯೋದೆಲ್ಲ ಗೊತ್ತಲ್ಲ. ಹಾಗೇ ಗ್ಯಾರೇಜ್ ಒಂದು ಸಲ ಗುಡಿಸಿಬಿಟ್ರೆ..."

ಸಿದ್ದರಾಜು ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟ. ಬೆನ್ನು ನೆಟ್ಟಗೆ ಮಾಡಿದ. ಶಿವಕ್ಕ ಕಾರಿನ ಬಾಗಿಲ ಹತ್ತಿರ ನಿಂತು ಕಾದಳು. ಅವನ ಬಾಯಿ ಆ ಹಳೆಯ ಮಾತಿಗಾಗಿ ಆಗಲೇ ತೆರೆದಿತ್ತು.

"ಆಗಲ್ಲ ಆಂಟಿ."

"ಯಾಕೆ? ವೈರ್ ಸಾಲಲ್ವಾ?"

"ವೈರ್ ಸಾಲುತ್ತೆ. ನಾನು ಮಾಡಲ್ಲ."

ನಳಿನಿ ಆಂಟಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾಗುವುದರೊಳಗೆ ಅವನು ಪೆಟ್ಟಿಗೆ ಎತ್ತಿ ಕಾರಿಗೆ ಹಾಕಿ, ಡಿಕ್ಕಿ ಮುಚ್ಚಿದ್ದ.

ಕಾರು ರೂಟ್ ಸೆವೆನ್ ಹೆದ್ದಾರಿ ಮುಟ್ಟಿತು. ಕೆಂಪು ದೀಪ ಬಿದ್ದಾಗ ಅವನು ಕಿಟಕಿಯ ಗಾಜು ಇಳಿಸಿದ.

"ಇನ್ನೊಂದ್ ಸಲ ಹೇಳ್ಲಾ?"

"ಹೇಳು."

"ಮಾಡಲ್ಲ" ಅಂದ ಸಿದ್ದರಾಜು, ಹೊರಗೆ ತಲೆ ಹಾಕಿ, ಹೊಟ್ಟೆಯಿಂದ. ಪಕ್ಕದ ಕಾರಿನ ಬಿಳಿ ಮುದುಕಿ ಬೆಚ್ಚಿ ತಿರುಗಿ ನೋಡಿದಳು. ದೀಪ ಹಸಿರಾಯಿತು.